ಅಪ್‌ಡೇಟ್: ಕಾಕಾನ ನುಡಿನಮನದಲ್ಲಿ ಏನು ಮಾತಾಡಿದೆ

ಮಾಜಿ ಸೈನಿಕರಾಗಿದ್ದ ನಮ್ಮ ಕಾಕಾ ಹೃದಯದ ಕಾಯಿಲೆಯಿಂದ ತೀರಿಕೊಂಡರು, ನುಡಿನಮನದಲ್ಲಿ ಯುದ್ಧದ ಬಗ್ಗೆ ಹೇಳಲೋ, ಕಾಯಿಲೆಯ ಬಗ್ಗೆ ಹೇಳಲೋ ಅಂತ ಕೇಳಿದ್ದೆ. ಎರಡೂ ಹೇಳಿ ಅಂದಿರಿ. ಹಾಗೇ ಮಾಡಿದೆ.

ಭಾನುವಾರ ಕಲಬುರಗಿಯ ಮನೆಯಲ್ಲೇ ಎಲ್ಲರೂ ಸೇರಿದ್ದೆವು. ಕಾಕಾ ಮದ್ರಾಸ್ ಎಂಜಿನಿಯರ್ ಗ್ರೂಪ್ ಅನ್ನೋ ಸೇನೆಯ ಎಂಜಿನಿಯರ್ ಪಡೆಯವರು. 1971ರಲ್ಲಿ ಪಶ್ಚಿಮ ಗಡಿಯಲ್ಲಿ ನೆಲಬಾಂಬ್ ತೆಗೆದವರು. ಅವರ ಪಶ್ಚಿಮಿ ಸ್ಟಾರ್ ಪದಕವನ್ನು ಫೋಟೊ ಮುಂದೆ ಇಟ್ಟಿದ್ದೆವು.

ಆಮೇಲೆ ಅವರ ಡೈರಿ ಓದಿದೆ. ಹೃದಯದ ಶಕ್ತಿ ಕುಗ್ಗಿ ಕಾಲು ಊದಿಕೊಳ್ಳತೊಡಗಿದ ಮೇಲೆ ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡುತ್ತಿದ್ದರು. ಮೈಯಲ್ಲಿ ನೀರು ನಿಂತರೆ ಎಷ್ಟೋ ಸಲ ಮೊದಲು ತೂಕದಲ್ಲೇ ಗೊತ್ತಾಗುತ್ತದೆ, ಅಲ್ವಾ. ಒಂದೆರಡು ದಿನದಲ್ಲಿ ಎರಡು ಕಿಲೋ ಏರಿದ್ದರೆ ಕೆಂಪು ಗೆರೆ, ಪಕ್ಕದಲ್ಲಿ 'ಡಾಕ್ಟರಿಗೆ ಫೋನ್'. ಒಂದು ಪುಟದಲ್ಲಿ 'ಉಪ್ಪಿನಕಾಯಿ ಬಂದ್, ಶೇಂಗಾ ಹಿಂಡಿ ಬಂದ್' ಅಂತ ದೊಡ್ಡದಾಗಿ ಬರೆದಿದ್ದರು. ಅದನ್ನು ಓದುವಾಗ ಕಾಕು (ಕಾಕಾನ ಹೆಂಡತಿ) ನಕ್ಕರು, ಅತ್ತರು. ಗಡಿಯಲ್ಲಿ ತೋರಿಸಿದ ಧೈರ್ಯಕ್ಕಿಂತ ಇದು ಕಡಿಮೆ ಅಂತ ನನಗೆ ಅನಿಸೋದೇ ಇಲ್ಲ.

ಕಾಕುಗೆ ಕುಟುಂಬ ಪಿಂಚಣಿಯ ಅರ್ಜಿಯನ್ನೂ ಕೊಟ್ಟಾಯಿತು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಚಿಕಿತ್ಸೆ ಅವರಿಗೂ ಸಿಗುತ್ತದೆ ಅಂತ ನೆನಪಿಸಿದವರಿಗೆ ತುಂಬಾ ಥ್ಯಾಂಕ್ಸ್.