ಗಿರೀಂದ್ರಶೇಖರ ಬೋಸ್ ಅವರನ್ನು ಫ್ರಾಯ್ಡ್ ಶಿಷ್ಯರೆನ್ನಬಹುದೇ?

ಕುಂಬಳೆಯ ಮಾಸ್ತರ:
ಶಾಲೆಯ ವಾರ್ಷಿಕ ಸಂಚಿಕೆಗಾಗಿ ಕಲ್ಕತ್ತೆಯ ಮನೋವೈದ್ಯ ಗಿರೀಂದ್ರಶೇಖರ ಬೋಸ್ (1887–1953) ಅವರ ಕುರಿತು ಲೇಖನ ಬರೆಯುತ್ತಿದ್ದೇನೆ. 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದ ಇವರನ್ನು, ಮನಸ್ಸಿನ ಒಳಪದರವನ್ನು ಮಾತಿನ ಮೂಲಕ ಶೋಧಿಸುವ ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಅವರ ಭಾರತೀಯ ಶಿಷ್ಯರೆಂದು ಪರಿಚಯಿಸಿದರೆ ಸರಿಯಾದೀತೇ? ಇನ್ನೊಂದು ಸಂದೇಹವೂ ಇದೆ. ತಾಯಿಯ ಪ್ರೀತಿಗಾಗಿ ತಂದೆ ಮತ್ತು ಮಗನ ನಡುವೆ ನಡೆಯುವ ಪೈಪೋಟಿಯನ್ನೇ ಆಧಾರವಾಗಿಸಿಕೊಂಡ ಫ್ರಾಯ್ಡ್ ಅವರ ಈಡಿಪಸ್ ಸಿದ್ಧಾಂತವು, ತಾಯಿಯ ಕಡೆಯಿಂದ ವಂಶವೆಣಿಸುವ, ಸೋದರಮಾವನೇ ಯಜಮಾನನಾಗಿದ್ದ ನಮ್ಮ ಕಡೆಯ ಅಳಿಯಕಟ್ಟಿನ ಮನೆಗಳಿಗೆ ಹೇಗೆ ಹೊಂದೀತು?

ಬದಿಯಡ್ಕದ ಓದುಗ:
ಮಾಸ್ತರರೇ, ಶಿಷ್ಯರೆಂದರೆ ಅವರಿಗೆ ಅನ್ಯಾಯವಾಗುತ್ತದೆ. ಬೋಸ್ ಅವರು ಫ್ರಾಯ್ಡ್ ಅವರನ್ನು ಒಮ್ಮೆಯೂ ಕಂಡವರಲ್ಲ. ವೈದ್ಯವೃತ್ತಿ ನಡೆಸುತ್ತ, ಸಂಮೋಹನದಲ್ಲಿ ಆಸಕ್ತಿ ತಾಳಿ, ರೋಗಿಗಳ ಮಾತನ್ನು ಕೇಳುತ್ತಲೇ ತಮ್ಮ ದಾರಿಯನ್ನು ಕಂಡುಕೊಂಡವರು. ದಮನವನ್ನು ಕುರಿತ ಅವರ ಪ್ರಬಂಧ 1921ರಲ್ಲಿ ಪುಸ್ತಕವಾಗಿ ಬಂದಿತು. ಅದನ್ನು ವಿಯೆನ್ನಾಕ್ಕೆ ಕಳುಹಿಸಿದ್ದರಿಂದಲೇ ಇಬ್ಬರ ನಡುವೆ ಪತ್ರವ್ಯವಹಾರ ಬೆಳೆಯಿತು. ಪ್ರತಿಯೊಂದು ಇಚ್ಛೆಯೊಂದಿಗೂ ಅದಕ್ಕೆ ವಿರುದ್ಧವಾದ ಇಚ್ಛೆಯೊಂದು ಹುಟ್ಟುತ್ತದೆ, ಹೊಡೆಯಬೇಕೆನ್ನುವವನೊಳಗೆ ಹೊಡೆಸಿಕೊಳ್ಳುವ ಆಸೆಯೂ ಅಡಗಿರುತ್ತದೆ, ಇವೆರಡರಲ್ಲಿ ಒಂದು ಇನ್ನೊಂದನ್ನು ಅದುಮಿದಾಗ ಆಗುವುದೇ ದಮನ ಎಂಬುದು ಅವರ ವಾದ. ಅದುಮಿಹೋದ ಇಚ್ಛೆಯನ್ನು ರೋಗಿಯು ಕಲ್ಪನೆಯಲ್ಲಾದರೂ ಅನುಭವಿಸುವಂತೆ ಮಾಡುವುದು ಅವರ ಚಿಕಿತ್ಸೆಯ ತಿರುಳಾಗಿತ್ತು. ಹೆಣ್ಣಾಗಬೇಕೆಂಬ ಒಳಬಯಕೆ ಭಾರತೀಯ ಪುರುಷರಲ್ಲಿ ಯುರೋಪಿನವರಿಗಿಂತ ಸುಲಭವಾಗಿ ಬೆಳಕಿಗೆ ಬರುತ್ತದೆ ಎಂದೂ ಅವರು ವಾದಿಸಿದರು. ಫ್ರಾಯ್ಡ್ ಸೌಜನ್ಯದಿಂದ ಉತ್ತರಿಸಿದರೇ ಹೊರತು ಪೂರ್ತಿಯಾಗಿ ಒಪ್ಪಲಿಲ್ಲ. ಗುರುವಿನ ಮುಂದೆ ಇಷ್ಟು ವರ್ಷ ಪಟ್ಟು ಸಡಿಲಿಸದ ಶಿಷ್ಯರು ವಿರಳ!

ಮುಳ್ಳೇರಿಯದವ:
ಅಳಿಯಕಟ್ಟಿನ ಪ್ರಶ್ನೆಗೆ ಬೋಸ್ ಅವರಿಗಿಂತ ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ ಹೆಚ್ಚು ಸಮೀಪದವರು. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳ ಮಾತೃವಂಶೀಯ ಕುಟುಂಬಗಳನ್ನು ಅಭ್ಯಾಸ ಮಾಡಿದ ಅವರು, ಅಲ್ಲಿ ಹುಡುಗನ ಅಸಮಾಧಾನ ತಿರುಗುವುದು ತಂದೆಯ ಮೇಲಲ್ಲ, ಅಧಿಕಾರವುಳ್ಳ ಸೋದರಮಾವನ ಮೇಲೆ ಎಂದು 1927ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಫ್ರಾಯ್ಡ್ ಪಾಳಯದ ಅರ್ನೆಸ್ಟ್ ಜೋನ್ಸ್ ಇದನ್ನು ಒಪ್ಪದೆ, ತಂದೆಯ ಮೇಲಿನ ದ್ವೇಷವನ್ನೇ ಮಾವನತ್ತ ತಿರುಗಿಸಲಾಗಿದೆ ಎಂದರು. ನನಗೆ ಮಾಲಿನೋವ್ಸ್ಕಿಯವರ ಮಾತೇ ಸರಿಯೆನಿಸುತ್ತದೆ. ನಮ್ಮ ತರವಾಡಿನಲ್ಲಿ, ಅಂದರೆ ಕೂಡುಕುಟುಂಬದ ಮೂಲಮನೆಯಲ್ಲಿ, ಮಕ್ಕಳ ಭಯವೆಲ್ಲ ಮಾವನಿಗೇ ಮೀಸಲಾಗಿತ್ತೆಂದು ಹಿರಿಯರಿಂದ ಕೇಳಿದ್ದೇನೆ.

ಉಪ್ಪಳದ ಶುಶ್ರೂಷಕಿ:
ಸಿದ್ಧಾಂತದಷ್ಟೇ ಜಾಗವನ್ನು ಬೋಸ್ ಅವರ ಆಸ್ಪತ್ರೆಯ ಕೆಲಸಕ್ಕೂ ಕೊಡಿ, ಸರ್. ಕಲ್ಕತ್ತೆಯ ಕಾರ್ಮೈಕಲ್ ವೈದ್ಯಕೀಯ ಕಾಲೇಜಿನಲ್ಲಿ, ಅಂದರೆ ಈಗಿನ ಆರ್.ಜಿ. ಕರ್ ಕಾಲೇಜಿನಲ್ಲಿ, ಅವರು 1933ರಲ್ಲಿ ಮಾನಸಿಕ ರೋಗಿಗಳಿಗೆ ಹೊರರೋಗಿ ವಿಭಾಗವನ್ನು ತೆರೆದರು. ಜ್ವರಕ್ಕೂ ಗಾಯಕ್ಕೂ ಜನ ಬರುವ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೂ ಚೀಟಿ ಮಾಡಿಸಬಹುದಾದದ್ದು ಸಣ್ಣ ವಿಷಯವಲ್ಲ. ನಮ್ಮೂರಿನವರು ಇಂದಿಗೂ ಮನೋವೈದ್ಯರನ್ನು ಕಾಣಲು ಮಂಗಳೂರಿಗೆ ಹೊರಟಾಗ, ಕೇಳಿದವರಿಗೆ ಹಲ್ಲುನೋವೆಂದು ಹೇಳಿ ಬಸ್ಸು ಹತ್ತುವುದುಂಟು. 1940ರಲ್ಲಿ ಆರಂಭವಾದ ಲುಂಬಿನಿ ಪಾರ್ಕ್ ಮಾನಸಿಕ ಆಸ್ಪತ್ರೆಗೆ ಜಾಗ ಕೊಟ್ಟವರು ಅವರ ಅಣ್ಣ, ಬಂಗಾಳಿ ಹಾಸ್ಯ ಲೇಖಕ ರಾಜಶೇಖರ ಬಸು ಎಂಬುದನ್ನೂ ಸೇರಿಸಿಕೊಳ್ಳಿ.