ಪಕ್ಕದ ಮನೆ ನಾಯಿ ಕರುವನ್ನು ಕಚ್ಚಿದೆ, ಮಗಳ ಮೇಲೂ ಹಾರುತ್ತದೆ. ಕಾನೂನು ಪ್ರಕಾರ ಏನು ಮಾಡಬಹುದು?

ಬೆಟ್ಟದಂಚಿನ ಮನೆ, ಸಿದ್ದಾಪುರ ತಾಲೂಕು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮದು ತೋಟದ ಮೇಲಿನ ಒಂಟಿ ಮನೆ. ಕೆಳಗಿನ ಮನೆಯವರ ಅಂಗಳಕ್ಕೆ ತಾಗಿಯೇ ರಸ್ತೆಗೆ ಹೋಗುವ ದಾರಿ. ಬೇರೆ ದಾರಿ ಇಲ್ಲ. ಅವರು ಮಂಗ ಓಡಿಸಲಿಕ್ಕೆ ಅಂತ ದೊಡ್ಡ ನಾಯಿ ಸಾಕಿದ್ದಾರೆ, ಹಗಲು ರಾತ್ರಿ ಬಿಟ್ಟೇ ಇರುತ್ತಾರೆ. ಮಂಗನ ಕಾಟ ನಮಗೂ ಇದೆ, ಎಳೆ ಅಡಿಕೆ ಉದುರಿಸಿ ಹಾಕುತ್ತವೆ. ಹಾಗಾಗಿ ನಾಯಿ ಸಾಕಲೇಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ.

ಆದರೆ ಮಗಳು ನಾಲ್ಕನೇ ಕ್ಲಾಸು. ಬೆಳಿಗ್ಗೆ ಶಾಲೆಗೆ ಹೊರಟರೆ ದಣಪೆ (ಬೇಲಿಯ ಗೇಟು) ಹತ್ತಿರವೇ ಅಡ್ಡ ಬಂದು ಹಲ್ಲು ತೋರಿಸುತ್ತದೆ. ಒಮ್ಮೆ ಅವಳ ಬ್ಯಾಗಿನ ಪಟ್ಟಿ ಹಿಡಿದು ಎಳೆದಿದೆ. ಅತ್ತೆಗೆ ಮಂಡಿ ನೋವು, ಓಡಲಿಕ್ಕೆ ಆಗುವುದಿಲ್ಲ. ದರಕು (ಒಣ ಎಲೆ) ಗುಡಿಸಲಿಕ್ಕೆ ಬೆಟ್ಟಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ. ನಿನ್ನೆ ಸಂಜೆ ನಮ್ಮ ಮಲೆನಾಡು ಗಿಡ್ಡದ ಹೆಣ್ಣು ಕರುವನ್ನು ಅಟ್ಟಿಸಿಕೊಂಡು ಹೋಗಿ ಹಿಂಗಾಲಿನ ತೊಡೆ ಹರಿದಿದೆ. ಒಂದು ಕಿವಿ ಅರ್ಧ ಇಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ನಿಂತುಕೊಂಡಿದೆ, ತಾಯಿ ಹತ್ತಿರವೂ ಬರುತ್ತಿಲ್ಲ.

ಹೇಳಿದರೆ ಅವರು "ನಮ್ಮ ನಾಯಿ ಯಾರಿಗೂ ಏನೂ ಮಾಡುವುದಿಲ್ಲ, ನಿಮ್ಮ ಕರುವೇ ನಮ್ಮ ತೋಟಕ್ಕೆ ನುಗ್ಗಿರಬೇಕು" ಅನ್ನುತ್ತಾರೆ. ಯಜಮಾನರು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ನಾನು ಒಬ್ಬಳೇ ಎಲ್ಲಿಗೆ ಹೋಗಬೇಕು? ಪಂಚಾಯ್ತಿಗೋ, ಪೊಲೀಸರಿಗೋ?

ಹೊನ್ನಾವರದವ:

ಅಕ್ಕಾ, ಓದಿ ಸಿಟ್ಟು ಬಂತು. ಪೊಲೀಸ್, ಕೋರ್ಟು ಅಂತ ಅಲೆದರೆ ವರ್ಷ ಕಳೆಯುತ್ತದೆ. ನಮ್ಮ ಕಡೆ ಇಂಥ ನಾಯಿಗೆ ರಾತ್ರಿ ಏನಾದರೂ ಹಾಕಿಬಿಡುತ್ತಾರೆ, ಅಲ್ಲಿಗೆ ಮುಗಿಯಿತು.

ಹಳೇ ಗುಮಾಸ್ತ, ಶಿರಸಿ:

ತಂಗಿ, ಮೇಲಿನ ಮಾತನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡ. ನಾನು ಶಿರಸಿಯಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿ ಕೆಲಸ ಮಾಡಿದವನು. ನ್ಯಾಯ ತಮ್ಮ ಕಡೆ ಇದ್ದವರೇ ವಿಷ ಹಾಕಿ ಆರೋಪಿಗಳಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ 5 ವರ್ಷದವರೆಗೆ ಜೈಲು ಆಗಬಹುದು. ವಿಷ ಹಾಕಿದ ಮಾಂಸವನ್ನು ಚಿರತೆ ತಿಂದರೆ ಅರಣ್ಯ ಇಲಾಖೆಯ ಕೇಸು ಬೇರೆ. ಬೆಳೆ ರಕ್ಷಣೆಯ ಕೋವಿಯನ್ನೂ ಇದಕ್ಕೆ ತೆಗೆಯುವ ಹಾಗಿಲ್ಲ. ನಾಯಿ ಮೈಮೇಲೆ ಬಿದ್ದಾಗ ದೊಣ್ಣೆ ಹಿಡಿದು ಮಗುವನ್ನು ಕಾಪಾಡಿಕೊಳ್ಳುವುದು ತಪ್ಪಲ್ಲ. ಮರುದಿನ ಸೇಡು ತೀರಿಸಿಕೊಳ್ಳುವುದು ತಪ್ಪು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮೊದಲ ಕೆಲಸ ಪೊಲೀಸ್ ಠಾಣೆ ಅಲ್ಲ, ಒಂದು ಪತ್ರ. ನಾಯಿ ಮಾಡಿದ ನಷ್ಟಕ್ಕೆ ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಿದಾಗ ಎದುರಿನವರ ವಕೀಲರು ಹೇಳುವ ಮಾತು ಒಂದೇ: "ಅದು ಕಚ್ಚುವ ನಾಯಿ ಅಂತ ನಮಗೆ ಗೊತ್ತೇ ಇರಲಿಲ್ಲ." ಹುಲಿ, ಕರಡಿ ಆದರೆ ಆ ಮಾತು ನಡೆಯುವುದಿಲ್ಲ. ನಾಯಿ ಸಾಕುಪ್ರಾಣಿ, ಹಾಗಾಗಿ ಮಾಲೀಕನಿಗೆ ಅದರ ಸ್ವಭಾವ ಗೊತ್ತಿತ್ತು ಅಂತ ನಾವೇ ತೋರಿಸಬೇಕಾಗುತ್ತದೆ. ನೀನು ಹತ್ತು ಸಲ ಬಾಯಲ್ಲಿ ಹೇಳಿದರೂ ಅದಕ್ಕೆ ಸಾಕ್ಷಿ ಇರುವುದಿಲ್ಲ. ಕಾಗದ ಕೊಟ್ಟರೆ ಗೊತ್ತಿರಲಿಲ್ಲ ಅನ್ನುವ ಬಾಗಿಲೇ ಮುಚ್ಚಿತು.

ಪತ್ರ ಜಗಳದ ಹಾಗೆ ಇರಬಾರದು. ಹೀಗೆ ಬರೆ:

"ನಿಮ್ಮ ಮನೆಯ ಕಂದು ಬಣ್ಣದ ಗಂಡು ನಾಯಿ ಇಂಥ ದಿನ, ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ ನಮ್ಮ ಕರುವನ್ನು ಕಚ್ಚಿ ಗಾಯ ಮಾಡಿದೆ. ಇದಕ್ಕೂ ಮೊದಲು ಶಾಲೆಗೆ ಹೋಗುವ ನಮ್ಮ ಮಗಳ ಬ್ಯಾಗು ಹಿಡಿದು ಎಳೆದಿದೆ. ಇದನ್ನು ಬಾಯಲ್ಲೂ ತಿಳಿಸಿದ್ದೇನೆ. ಶಾಲೆಗೆ ಹೋಗುವ, ಬರುವ ಹೊತ್ತಿನಲ್ಲಿ ನಾಯಿಯನ್ನು ಕಟ್ಟಿ ಹಾಕಬೇಕು, ಉಳಿದ ಹೊತ್ತು ದಾರಿಗೆ ಬಾರದಂತೆ ನೋಡಿಕೊಳ್ಳಬೇಕು. ಕರುವಿನ ಚಿಕಿತ್ಸೆಯ ಖರ್ಚು ಕೊಡಬೇಕು."

ಇದರಲ್ಲಿ ಬಣ್ಣ, ತಾರೀಕು, ಹೊತ್ತು ಎಲ್ಲ ನಿಜವಾಗಿ ಇದ್ದ ಹಾಗೇ ಇರಲಿ. ಬೈಗುಳ ಬೇಡ, ಹಳೇ ಗಡಿ ತಕರಾರು ಬೇಡ. ವಾರ್ಡ್ ಮೆಂಬರನ್ನು ಕರೆದುಕೊಂಡು ಹೋಗಿ ಕೊಟ್ಟು, ನಕಲಿನ ಮೇಲೆ ಸಹಿ ತೆಗೆದುಕೋ. ಸಹಿ ಮಾಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೋ. ಒಂದು ಪ್ರತಿ ಪಂಚಾಯ್ತಿಯ ಪಿಡಿಒಗೆ ಕೊಟ್ಟು ಸೀಲು ಹಾಕಿಸು.

ಇಷ್ಟಾದ ಮೇಲೂ ನಾಯಿ ಬಿಟ್ಟೇ ಇದ್ದರೆ ಠಾಣೆಗೆ ಹೋಗು. ಅದೇ ನ್ಯಾಯ ಸಂಹಿತೆಯಲ್ಲಿ 291ನೇ ಕಲಂ ಇದೆ, ತನ್ನ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಅಪಾಯ ಆಗದಂತೆ ನೋಡಿಕೊಳ್ಳದವರಿಗೆ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2024ರ ಜುಲೈ 1ರಿಂದ ಜಾರಿಯಲ್ಲಿದೆ, ಹಿಂದೆ ಇದೇ ಐಪಿಸಿ 289 ಆಗಿತ್ತು. ಗಮನಿಸು, ಇದು ಮನುಷ್ಯರ ಅಪಾಯದ ಕಲಂ. ದೂರಿನಲ್ಲಿ ಬರೀ ಕರುವಿನ ವಿಷಯ ಬರೆದರೆ "ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ" ಅಂತ ಕಳಿಸಿಬಿಡುತ್ತಾರೆ. ಮಗಳು ಮತ್ತು ಅತ್ತೆಯ ವಿಷಯ ಮೊದಲು ಬರಲಿ, ಕರು ಆಮೇಲೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಕಾರವಾರದ ಎಸ್ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಬಹುದು.

ಇನ್ನೊಂದು ದಾರಿ ಜಾಸ್ತಿ ಜನರಿಗೆ ಗೊತ್ತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಬದಲು ಬಂದದ್ದು) 152ನೇ ಕಲಂ ಪ್ರಕಾರ ಅಪಾಯಕಾರಿ ಪ್ರಾಣಿಯನ್ನು ಕಟ್ಟಿ ಇಡಬೇಕು ಅಂತ ಉಪವಿಭಾಗಾಧಿಕಾರಿ (ಎಸಿ) ಆದೇಶ ಮಾಡಬಹುದು. ಸಿದ್ದಾಪುರಕ್ಕೆ ಶಿರಸಿಯ ಎಸಿ ಕಚೇರಿ. ಎದುರಿನವರಿಗೂ ನೋಟಿಸು ಹೋಗಿ, ಅವರ ಮಾತನ್ನೂ ಕೇಳುತ್ತಾರೆ. ಆ ದಾರಿಯಲ್ಲಿ ನಿಮ್ಮ ಮನೆಯವರು ಮಾತ್ರ ಓಡಾಡುವುದಾದರೆ ಅರ್ಜಿ ಬಲ ಇಲ್ಲದಂತೆ ಆಗುತ್ತದೆ. ಪೋಸ್ಟ್‌ಮ್ಯಾನ್, ಹಾಲು ತರುವವರು, ಅಡಿಕೆ ಕೊನೆ ಕೊಯ್ಯಲು ಬರುವವರು, ಯಾರು ಹೆದರಿದ್ದಾರೋ ಅವರ ಸಹಿ ಹಾಕಿಸು.

ದುಡ್ಡಿನ ಚಿಂತೆ ಬೇಡ. ಸಿದ್ದಾಪುರ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ಆದಾಯ ನೋಡದೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ಫೋನು 15100. ಕರುವಿನ ಪರಿಹಾರ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದೇ ಕೊನೆ, ಮೇಲ್ಮನವಿ ಇಲ್ಲ. ನೆರೆಹೊರೆಯವರ ತಕರಾರಿಗೆ ನನಗೆ ಅದೇ ಒಳ್ಳೆಯದು ಅನ್ನಿಸುತ್ತದೆ. ನಾಳೆಯೂ ಅದೇ ದಾರಿಯಲ್ಲಿ ಓಡಾಡಬೇಕಲ್ವಾ.

ಪಶು ಆಸ್ಪತ್ರೆಯಲ್ಲಿ ಕೆಲಸ, ಯಲ್ಲಾಪುರ:

ಗುಮಾಸ್ತರು ಕಾನೂನು ಹೇಳಿದ್ದಾರೆ. ಆದರೆ ಅಕ್ಕಾ, ಅದಕ್ಕಿಂತ ಮೊದಲು ಕರು! ಇವತ್ತೇ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಕೈಗೆ ಗ್ಲೌಸ್ ಇರಲಿ. ಅರಿಶಿನ, ಸುಣ್ಣ ಏನೂ ಬೇಡ. ಡಾಕ್ಟರನ್ನು ಕರೆಸಿ, 1962ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ. ಕಚ್ಚಿದ ಮೇಲೆ ದನಗಳಿಗೂ ರೇಬಿಸ್ ಇಂಜೆಕ್ಷನ್ ಇದೆ: ಮೊದಲ ದಿನ, ಆಮೇಲೆ 3, 7, 14, 28ನೇ ದಿನ. ಕರುವಿನ ಬಾಯಿಗೆ ಯಾರೂ ಕೈ ಹಾಕಬೇಡಿ. ಹಾಲು ಕಾಯಿಸಿಯೇ ಕುಡಿಯಿರಿ.

ನಾಯಿಗೆ ಲಸಿಕೆ ಆಗಿದೆಯಾ, ಕಾರ್ಡು ತೋರಿಸಿ ಅಂತ ಕೇಳಿ. ರೇಬಿಸ್ ಲಕ್ಷಣ ಕಾಣುತ್ತದಾ ಅಂತ 10 ದಿನ ಅದನ್ನು ಕಣ್ಣಿಟ್ಟು ನೋಡಬೇಕು. ಆ ಕಾರಣಕ್ಕೂ ಅದನ್ನು ಕೊಲ್ಲಬಾರದು, ಸತ್ತರೆ ಗೊತ್ತಾಗುವುದು ಹೇಗೆ? ಮಗಳಿಗೆ ಉಗುರು ತಾಗಿದ್ದರೂ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರ ಹತ್ತಿರ ಗಾಯದ ಸರ್ಟಿಫಿಕೇಟು ಬರೆಸಿಕೊಳ್ಳಿ, ಗಾಯ ತೊಳೆಯುವ ಮೊದಲೇ ಫೋಟೋ ತೆಗೆಯಿರಿ.

ಬೆಟ್ಟದಂಚಿನ ಮನೆ, ಸಿದ್ದಾಪುರ ತಾಲೂಕು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕರುವಿಗೆ ಮೊದಲ ಇಂಜೆಕ್ಷನ್ ಆಯಿತು, ತೊಡೆಗೆ ಹೊಲಿಗೆ ಹಾಕಿದ್ದಾರೆ. ಮಗಳ ಮೈಮೇಲೆ ಎಲ್ಲೂ ಗೀರು ಇಲ್ಲ, ಬೆಳಕಿನಲ್ಲಿ ಕೈಕಾಲು ಪೂರ್ತಿ ನೋಡಿದೆ. ಪತ್ರವನ್ನು ಮೆಂಬರ್ ಜೊತೆ ಹೋಗಿ ಕೊಟ್ಟೆ. ನಾಯಿ ಮಾಲೀಕರು ಸಹಿ ಮಾಡಲಿಲ್ಲ, ಅವರ ಮನೆಯಾಕೆ ಓದಿ ಸಹಿ ಮಾಡಿದರು. "ಮಗುವಿನ ಬ್ಯಾಗು ಎಳೆದಿದ್ದು ನಮಗೆ ಗೊತ್ತೇ ಇರಲಿಲ್ಲ" ಅಂದರು. ಲಸಿಕೆ ಕಾರ್ಡು ಮಾತ್ರ ಅವರ ಹತ್ತಿರ ಇಲ್ಲ. ಗುಮಾಸ್ತಣ್ಣ, ಅವರ ಬದಲು ಮನೆಯಾಕೆ ಮಾಡಿದ ಸಹಿ ನಡೆಯುತ್ತದಾ?

ಹಳೇ ಗುಮಾಸ್ತ, ಶಿರಸಿ:

ನಡೆಯುತ್ತದೆ, ಮೆಂಬರ್ ಎದುರಿಗೇ ಆಗಿದೆಯಲ್ಲ. ನಕಲಿನ ಹಿಂದೆ ಮೆಂಬರ್ ಹತ್ತಿರ ಎರಡು ಸಾಲು ಬರೆಸಿ ತಾರೀಕು ಹಾಕಿಸು. ಸುಮ್ನೆ ಇರಲಿ ಅಂತ ಸ್ಪೀಡ್ ಪೋಸ್ಟೂ ಒಂದು ಕಳಿಸು. ಲಸಿಕೆ ಇಲ್ಲದ್ದನ್ನು ಪಿಡಿಒಗೆ ಕೊಡುವ ಪ್ರತಿಯಲ್ಲಿ ಸೇರಿಸು. ಬೆಳಿಗ್ಗೆ ಶಾಲೆ ಹೊತ್ತಿಗೆ ನಾಯಿ ಕಟ್ಟಿದ್ದಾರಾ ಅಂತ ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಕಟ್ಟಿದ ದಿನವನ್ನೂ ಬರೆ, ಬಿಟ್ಟ ದಿನವನ್ನು ಮಾತ್ರ ಅಲ್ಲ.