ಕಾನ್ವಿಕ್ಟ್ ಜೋಡಿ ಮರಿ ಮಾಡಿದೆ, ಉಳಿದ ಮೀನುಗಳ ಗತಿ ಏನು?

ದಾವಣಗೆರೆ ಹುಡುಗ:

ಎಲ್ಲರಿಗೂ ನಮಸ್ಕಾರ. ನನ್ನದು 3 ಅಡಿ ಉದ್ದದ ಟ್ಯಾಂಕ್, ಅಗಲ ಎತ್ತರ ಎರಡೂ ಒಂದೂವರೆ ಅಡಿ. ಅಂಗಡಿಯವರು ‘ಜೀಬ್ರಾ ಸಿಕ್ಲಿಡ್’ ಅಂತ ಕೊಟ್ಟ ಎರಡು ಮೀನು ಇವೆ. ಜೊತೆಗೆ ಆರು ಟೈಗರ್ ಬಾರ್ಬ್, ಎರಡು ಗೌರಾಮಿ, ಒಂದು ಏಂಜಲ್, ಗಾಜು ನೆಕ್ಕುವ ಸಕ್ಕರ್ ಒಂದು. ಎಲ್ಲ ಚೆನ್ನಾಗಿಯೇ ಇದ್ದವು. ಹೋದ ವಾರ ಜೀಬ್ರಾಗಳು ಹೂವಿನ ಕುಂಡದೊಳಗೆ ಮೊಟ್ಟೆ ಇಟ್ಟವು. ಈಗ ಮರಿಗಳು ಈಜುತ್ತಿವೆ, ನೂರಕ್ಕಿಂತ ಜಾಸ್ತಿಯೇ ಇರಬಹುದು. ಟ್ಯಾಂಕಿನ ಮುಕ್ಕಾಲು ಭಾಗ ಈಗ ಅವೆರಡರದ್ದೇ. ಉಳಿದವೆಲ್ಲ ಫಿಲ್ಟರ್ ಹಿಂದಿನ ಮೂಲೆಯಲ್ಲಿ ಮುದುರಿಕೊಂಡಿವೆ. ಏಂಜಲ್‌ನ ಬಾಲ ಹರಿದಿದೆ. ನಿನ್ನೆ ಸಂಜೆ ಗಂಡು ಮೀನು ಮರಿಗಳನ್ನು ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿದೆ. ತಿನ್ನುತ್ತಿದೆಯಾ? ಮರಿಗಳನ್ನು ಬೇರೆ ಮಾಡಲಾ? ಬೇಯಿಸಿದ ಮೊಟ್ಟೆಯ ಹಳದಿ ಹಾಕು ಅಂತ ಅಮ್ಮ ಹೇಳುತ್ತಾರೆ. ಹಾಕಬಹುದಾ?

ಪೀಣ್ಯ ಗುರು:

ಗುರು, ಎಲ್ಲ ಮರಿಗಳನ್ನೂ ಬಲೆಯಲ್ಲಿ ಹಿಡಿದು ಬ್ರೀಡಿಂಗ್ ಬಾಕ್ಸಿಗೆ, ಅದೇ ಟ್ಯಾಂಕಿನೊಳಗೆ ಮರಿಗಳನ್ನು ಬೇರೆ ಇಡುವ ಡಬ್ಬಿಗೆ, ಹಾಕಿಬಿಡಿ. ಸುಮ್ನೆ ಟೆನ್ಷನ್ ಯಾಕೆ?

ಮೈಸೂರಕ್ಕ:

ಬ್ರೀಡಿಂಗ್ ಬಾಕ್ಸ್ ಗಪ್ಪಿಗೆ ಸರಿ. ಇಲ್ಲಿ ಬೇಡ. ಅಪ್ಪ ಅಮ್ಮ ಇಬ್ಬರೂ ಕಾವಲಿಗೆ ನಿಂತಿರುವಾಗ ನಾವ್ಯಾಕೆ ಮಧ್ಯೆ ಬಾಯಿ ಹಾಕಬೇಕು?

ತಮ್ಮ, ಅಂಗಡಿಯವರು ಜೀಬ್ರಾ ಅಂತ ಕೊಟ್ಟಿದ್ದು ಕಾನ್ವಿಕ್ಟ್ ಸಿಕ್ಲಿಡ್. ಸಿಕ್ಲಿಡ್ ಅನ್ನುವುದು ಮೀನುಗಳ ಒಂದು ದೊಡ್ಡ ಕುಟುಂಬ, ಅದರಲ್ಲಿ ಇದೊಂದು. ಮಧ್ಯ ಅಮೆರಿಕದ ಹೊಳೆಗಳ ಮೀನು. ಚಿಕ್ಕದಾಗಿ, ಹೊಟ್ಟೆಯ ಪಕ್ಕ ಕಿತ್ತಳೆ ಹೊಳಪು ಇರುವುದು ಹೆಣ್ಣು. ಗಂಡು ಮರಿಗಳನ್ನು ತಿನ್ನುತ್ತಿಲ್ಲ ಅಂತ ನನ್ನ ಊಹೆ. ಗುಂಪು ಬಿಟ್ಟು ಹೋದ ಮರಿಯನ್ನು ಬಾಯಲ್ಲಿ ಎಳೆದುಕೊಂಡು ಬಂದು ಕುಂಡದ ಹತ್ತಿರ ಉಗುಳುತ್ತದೆ. ಕತ್ತಲಾಗುವ ಹೊತ್ತಿಗೆ ಈ ಕೆಲಸ ಜೋರು. ಇವತ್ತು ಸಂಜೆ ಸ್ಟೂಲ್ ಹಾಕಿಕೊಂಡು ಕೂತು ನೋಡು. ಗಂಟಲ ಕೆಳಗೆ ಸ್ವಲ್ಪ ಉಬ್ಬಿರುತ್ತದೆ, ಕುಂಡದ ಬಾಯಿಗೆ ಬಂದದ್ದೇ ಮೂರ್ನಾಲ್ಕು ಮರಿಗಳು ಪುಸಕ್ಕನೆ ಹೊರಗೆ ಬರುತ್ತವೆ. ಹೊಸ ಜೋಡಿ ಕೆಲವೊಮ್ಮೆ ನಿಜವಾಗಿಯೂ ತಿಂದುಬಿಡುತ್ತದೆ, ಅದರಲ್ಲೂ ಯಾರಾದರೂ ಪದೇ ಪದೇ ಕಾಡಿಸಿದರೆ. ಹಾಗಾಗಿ ಕೈ, ಬಲೆ ಎರಡನ್ನೂ ಆ ಕಡೆ ಒಯ್ಯಬೇಡ. ಟ್ಯಾಂಕಿನ ಲೈಟ್ ಆರಿಸುವಾಗ ಕೋಣೆಯ ಲೈಟ್ ಇನ್ನೊಂದು ಅರ್ಧ ಗಂಟೆ ಉರಿಯಲಿ. ಒಮ್ಮೆಗೇ ಕತ್ತಲಾದರೆ ಮರಿಗಳು ಚೆಲ್ಲಾಪಿಲ್ಲಿ, ಬೆಳಗ್ಗೆ ನೋಡಿದರೆ ಅರ್ಧ ಮಾಯ. ಆ ಸಕ್ಕರ್ ರಾತ್ರಿ ಓಡಾಡುವ ಪ್ರಾಣಿ, ನೆನಪಿರಲಿ.

ನನಗೆ ಚಿಂತೆ ಏಂಜಲ್‌ದು. ಇವತ್ತೇ ಬೇರೆ ಮಾಡು. ಗೌರಾಮಿಗಳನ್ನೂ ತೆಗೆ. ಹೊಸ ಟ್ಯಾಂಕ್ ಬೇಕಿಲ್ಲ, 60 ಲೀಟರಿನ ಪ್ಲಾಸ್ಟಿಕ್ ಟಬ್ ಸಾಕು. ಈಗಿನ ಫಿಲ್ಟರಿನ ಸ್ಪಾಂಜ್ ಅರ್ಧ ಕತ್ತರಿಸಿ ಅಲ್ಲಿಗೆ ಹಾಕು. ಮೀನಿನ ಗಲೀಜಿನಿಂದ ಬರುವ ಅಮೋನಿಯ ಅರಗಿಸುವ ಬ್ಯಾಕ್ಟೀರಿಯಾ ಅದರಲ್ಲೇ ಇರುತ್ತವೆ. ಅದನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡ, ಕ್ಲೋರಿನ್ ತಗಲಿದರೆ ಸತ್ತುಹೋಗುತ್ತವೆ. ದೊಡ್ಡ ಟ್ಯಾಂಕಿನಲ್ಲಿ ಫಿಲ್ಟರ್ ನೀರು ಎಳೆಯುವ ಕಡೆ ಸ್ಪಾಂಜ್ ಸಿಕ್ಕಿಸು, ಇಲ್ಲದಿದ್ದರೆ ಮರಿಗಳೆಲ್ಲ ಅದರೊಳಗೆ.

ಮೊಟ್ಟೆಯ ಹಳದಿ ಹಾಕಬಹುದು, ಆದರೆ ನೀರು ಕೆಡಿಸುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಕಾನ್ವಿಕ್ಟ್ ಮರಿ ತೀರಾ ಸಣ್ಣದಲ್ಲ. ಮೀನಿಗೆ ಹಾಕುವ ಒಣ ಫ್ಲೇಕ್ಸನ್ನು ಬೆರಳಲ್ಲಿ ಹಿಟ್ಟಿನಂತೆ ಪುಡಿ ಮಾಡಿ ದಿನಕ್ಕೆ ಮೂರ್ನಾಲ್ಕು ಸಲ ಚಿಟಿಕೆ ಹಾಕಿದರೂ ಬದುಕುತ್ತವೆ. ದೊಡ್ಡ ಚೂರನ್ನು ತಾಯಿಯೇ ಅಗಿದು ಮರಿಗಳ ಮಧ್ಯೆ ಉಗುಳುತ್ತದೆ. ರೆಕ್ಕೆಯಿಂದ ತಳದ ಮರಳು ಕೆದಕಿ ಮರಿಗಳಿಗೆ ಮೇಯಲು ಬಿಡುತ್ತದೆ. ಇದನ್ನು ನೋಡಲಿಕ್ಕಾದರೂ ಮರಿಗಳನ್ನು ಅಲ್ಲೇ ಬಿಡು ಅಂತೀನಿ.

ಬೇಗ ಬೆಳೆಯಬೇಕಾದರೆ ಆರ್ಟೀಮಿಯಾ, ಅಂದರೆ ಉಪ್ಪು ನೀರಿನ ಹುಳದಂಥ ಪುಟ್ಟ ಜೀವಿ. ಅದರ ಒಣ ಮೊಟ್ಟೆ ತಂದು ಮನೆಯಲ್ಲೇ ಒಡೆಸಬೇಕು. ಬಾಟಲಿಯಲ್ಲಿ ಒಂದು ಲೀಟರ್ ನೀರು, ಸುಮಾರು 25 ಗ್ರಾಂ ಕಲ್ಲುಪ್ಪು, ಕಾಲು ಚಮಚ ಆ ಮೊಟ್ಟೆ, ಏರ್ ಪಂಪಿನ ಪೈಪ್, ಪಕ್ಕದಲ್ಲಿ ಒಂದು ಬಲ್ಬ್. ಒಂದು ದಿನ, ಒಂದೂವರೆ ದಿನದಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿದರೆ ಸಿಪ್ಪೆ ತೇಲುತ್ತದೆ, ಹುಳ ಬೆಳಕಿನ ಕಡೆ ಕೂಡಿಕೊಳ್ಳುತ್ತದೆ. ಹಳೆ ಕರ್ಚೀಫಿನಲ್ಲಿ ಸೋಸಿ ಸಿಹಿ ನೀರಲ್ಲಿ ಜಾಲಾಡಿಸಿ ಹಾಕು. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಯಾವುದು ತಿಂದಿದೆ ಯಾವುದು ಉಪವಾಸ ಅಂತ ಲೆನ್ಸ್ ಇಲ್ಲದೆ ಗೊತ್ತಾಗುತ್ತದೆ.

ಉಪ್ಪಿನಂಗಡಿ ಮಾಣಿ:

ಅಕ್ಕ ಹೇಳಿದ್ದು ಸರಿ ಉಂಟು. ಒಂದು ಮಾತು ಸೇರಿಸ್ತೇನೆ. ಸಿಕ್ಲಿಡ್ ಅಂದರೆ ಎಲ್ಲರೂ ಅಮೆರಿಕ, ಆಫ್ರಿಕ ಅಂತಾರೆ. ನಮ್ಮ ಕರಾವಳಿಯ ಆರೆಂಜ್ ಕ್ರೋಮೈಡ್ ಕೂಡ ಸಿಕ್ಲಿಡ್ಡೇ ಮಾರಾಯ್ರೆ. ಅದರ ಮರಿಗಳು ಅಪ್ಪ ಅಮ್ಮನ ಮೈಮೇಲಿನ ಲೋಳೆಯನ್ನೂ ಕುಟುಕಿ ತಿನ್ನುತ್ತವೆ.  ಇನ್ನೊಂದು ಎಟ್ರೋಪ್ಲಸ್ ಕೆನರೆನ್ಸಿಸ್, ಕೆನರಾ ಪರ್ಲ್‌ಸ್ಪಾಟ್ ಅಂತಾರೆ. ಅದು ಇರುವುದೇ ನಮ್ಮ ದಕ್ಷಿಣ ಕನ್ನಡದ ಕಡೆಯ ಹೊಳೆಗಳಲ್ಲಿ. ಅದನ್ನು ಹೊಳೆಯಿಂದ ಹಿಡಿದು ತರುವ ಯೋಚನೆ ಯಾರಿಗೂ ಬೇಡ, ಮೊದಲೇ ಅಪಾಯದ ಅಂಚಿನಲ್ಲಿದೆ.

ದಾವಣಗೆರೆ ಹುಡುಗ:

ಅಕ್ಕ, ಥ್ಯಾಂಕ್ಸ್. ಕೂತು ನೋಡಿದೆ, ನಿಜವಾಗಿಯೂ ಉಗುಳಿತು! ಏಂಜಲ್, ಗೌರಾಮಿ ಟಬ್ಬಿಗೆ ಹೋದವು. ಬಾರ್ಬ್‌ಗಳು ಚುರುಕಾಗಿವೆ, ತಪ್ಪಿಸಿಕೊಳ್ಳುತ್ತವೆ, ಸದ್ಯಕ್ಕೆ ಅಲ್ಲೇ ಬಿಟ್ಟಿದ್ದೇನೆ. ಇಷ್ಟು ಮರಿ ದೊಡ್ಡದಾದರೆ ಏನು ಮಾಡಲಿ? ಅಂಗಡಿಯಲ್ಲಿ ಕೇಳಿದೆ, ಬೇಡ ಅಂದರು. ಫ್ರೆಂಡ್ ಒಬ್ಬ ಕುಂದವಾಡ ಕೆರೆಗೆ ಬಿಡು ಅಂತಾನೆ. ಏಂಜಲ್ ಬಾಲಕ್ಕೆ ಔಷಧಿ ಬೇಕಾ?

ಮೈಸೂರಕ್ಕ:

ಕೆರೆಗೆ ಮಾತ್ರ ಖಂಡಿತ ಬೇಡ. ಕೆರೆಕೆರೆಯಲ್ಲೂ ಸಿಗುವ ಜಿಲೇಬಿ ಮೀನು ಇದೆಯಲ್ಲ, ಅದೂ ಸಿಕ್ಲಿಡ್ಡೇ, ಆಫ್ರಿಕದ್ದು. 1952ರಲ್ಲಿ ಸಾಕಲು ಅಂತ ಈ ದೇಶಕ್ಕೆ ತಂದರು, ಈಗ ತೆಗೆಯಲು ಯಾರಿಂದಲೂ ಆಗುತ್ತಿಲ್ಲ. ಕಾನ್ವಿಕ್ಟ್ ಬೇಡ ಅನ್ನುವುದು ಎಲ್ಲ ಅಂಗಡಿಯವರ ಹಾಡು, ಅಷ್ಟು ಮರಿ ಹಾಕುತ್ತದೆ. ಒಂದಿಪ್ಪತ್ತು ಬೆಳೆಸು, ಸಾಕು. ಉಳಿದದ್ದನ್ನು ಆಸ್ಕರ್ ಸಾಕುವವರಿಗೆ ಕೊಡು, ಆಸ್ಕರ್ ಅಂದರೆ ಸಣ್ಣ ಮೀನುಗಳನ್ನು ತಿನ್ನುವ ದೊಡ್ಡ ಮೀನು. ಕೇಳಲು ಕಟುಕತನ ಅನ್ನಿಸಬಹುದು. ಹೊಳೆಯಲ್ಲಿ ಆಗುವುದೂ ಅದೇ ಅಲ್ವಾ? ಮರಿ ದೊಡ್ಡದಾಗುತ್ತಿದ್ದಂತೆ ಜೋಡಿ ಮತ್ತೆ ಮೊಟ್ಟೆಗೆ ತಯಾರಾಗುತ್ತದೆ, ಈ ಮರಿಗಳನ್ನೇ ಅಟ್ಟಿಸಲು ಶುರು ಮಾಡುತ್ತದೆ. ಆಗ ಮರಿಗಳನ್ನು ಬೇರೆ ಮಾಡು. ಮುಂದಿನ ಸಲ ಬೇಡವೆಂದರೆ ಮೊಟ್ಟೆ ಇಟ್ಟ ದಿನವೇ ಕುಂಡ ಹೊರಗೆ ತೆಗೆ.

ಏಂಜಲ್‌ಗೆ ಈಗ ಔಷಧಿ ಬೇಡ. ಟಬ್ಬಿನ ನೀರು ಕಾಲು ಭಾಗ ದಿನ ಬಿಟ್ಟು ದಿನ ಬದಲಿಸು, ಆಂಟಿ ಕ್ಲೋರಿನ್ ಹಾಕಿ. ಹರಿದ ಅಂಚು ಬೆಳ್ಳಗೆ ಹತ್ತಿ ಅಂಟಿದ ಹಾಗೆ ಕಂಡರೆ ಫೋಟೊ ಹಾಕು, ಆಮೇಲೆ ನೋಡೋಣ.